ಸೂಪರ್‌ಕ್ರಿಟಿಕಲ್ ಫ್ಲೂಯಿಡ್ ಸಿಮ್ಯುಲೇಶನ್: ಉಷ್ಣಗುಣವನ್ನೂ ಕಣಗಳ ಚಲನೆಯನ್ನೂ ಸರಿಯಾಗಿ ಅಳೆಯುವ ಬಗೆ

ಇಂಗಾಲದ ಡೈಆಕ್ಸೈಡನ್ನು 40 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಒತ್ತುತ್ತಾ ಹೋಗಿ. 8 ಮೆಗಾಪಾಸ್ಕಲ್‌ನಲ್ಲಿ ಅದರ ಸಾಂದ್ರತೆ ಘನಮೀಟರಿಗೆ ಸುಮಾರು 278 ಕೆಜಿ. 9ಕ್ಕೆ ಅದು 485 ಆಗುತ್ತದೆ, 10ಕ್ಕೆ 628. ಒತ್ತಡ ಕಾಲು ಭಾಗ ಏರಿತು, ಸಾಂದ್ರತೆ ಎರಡು ಪಟ್ಟು ಮೀರಿತು. ನಡುವೆ ಕುದಿತವಿಲ್ಲ, ದ್ರವ ಮತ್ತು ಅನಿಲದ ನಡುವಿನ ಗೆರೆಯೂ ಕಾಣುವುದಿಲ್ಲ. ದ್ರವ, ಅನಿಲಗಳ ಭೇದ ಅಳಿಯುವ ಕ್ರಿಟಿಕಲ್ ಬಿಂದು (304.13 ಕೆಲ್ವಿನ್, 7.377 ಮೆಗಾಪಾಸ್ಕಲ್) ದಾಟಿ ಸೂಪರ್‌ಕ್ರಿಟಿಕಲ್ ಆದ ಮೇಲೂ ಅದರ ನೆರಳು ಇಷ್ಟು ದೂರ ಚಾಚಿರುತ್ತದೆ. ಒಳಗೆ ಕಣಗಳು ಏನು ಮಾಡುತ್ತಿವೆ ಎಂದು ನೋಡಬೇಕಾದರೆ, ಪ್ರತಿ ಕಣದ ಚಲನೆಯನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ಮಾಲಿಕ್ಯುಲರ್ ಡೈನಾಮಿಕ್ಸ್‌ಗಿಂತ ನೇರವಾದ ದಾರಿ ಇಲ್ಲ. ಸಾಧಾರಣ ಕಂಪ್ಯೂಟರಿನಲ್ಲೇ ಲೆನಾರ್ಡ್-ಜೋನ್ಸ್ ಆರ್ಗಾನ್ ಮಾದರಿಯಿಂದ (ಕಣಗಳು ದೂರದಲ್ಲಿ ಸೆಳೆದು, ತೀರ ಹತ್ತಿರದಲ್ಲಿ ತಳ್ಳುವ ಸರಳ ಮಾದರಿ) ಇದನ್ನು ಮಾಡುವ ಕ್ರಮ ಇಲ್ಲಿದೆ. ಲ್ಯಾಂಪ್ಸ್ ಅಥವಾ ಗ್ರೋಮ್ಯಾಕ್ಸ್‌ನಂಥ ಯಾವುದೇ ಪ್ಯಾಕೇಜ್ ಸಾಕು.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಡಿ. ಇಲ್ಲಿ ಅಳೆಯಬೇಕಾದ ಸಂಗತಿ ಒಂದಲ್ಲ, ಎರಡು. ಉಷ್ಣಧಾರಣೆ, ಸಂಪೀಡ್ಯತೆ (ಒತ್ತಡಕ್ಕೆ ಕುಗ್ಗುವ ಗುಣ) ಇಂಥವು ಎಲ್ಲಿ ಶಿಖರ ಮುಟ್ಟುತ್ತವೆ ಎನ್ನುವುದು ಮೊದಲನೆಯದು; ಆ ಶಿಖರಗಳ ಸಾಲಿಗೆ ವಿಡಮ್ ರೇಖೆ ಎನ್ನುತ್ತಾರೆ. ಕಣದ ಚಲನೆ ದ್ರವದ ರೀತಿಯಿಂದ ಅನಿಲದ ರೀತಿಗೆ ಎಲ್ಲಿ ತಿರುಗುತ್ತದೆ ಎನ್ನುವುದು ಎರಡನೆಯದು. ಅದಕ್ಕೆ ಫ್ರೆಂಕೆಲ್ ರೇಖೆ ಎಂಬ ಹೆಸರಿದೆ. ಎರಡೂ ಬೇರೆ ಬೇರೆ ಜಾಗದಲ್ಲಿವೆ, ಬೇರೆ ಬೇರೆ ಕಾರಣಕ್ಕೆ ಹುಟ್ಟುತ್ತವೆ. ಒಂದನ್ನು ಅಳೆದು ಇನ್ನೊಂದರ ಬಗ್ಗೆ ತೀರ್ಪು ಕೊಡುವುದೇ ಈ ವಿಷಯದಲ್ಲಿ ಅತಿ ಹೆಚ್ಚು ಕಾಣುವ ತಪ್ಪು.

ಅಳತೆಗೋಲು ಸರಿ ಇದೆಯೇ ನೋಡಿಕೊಳ್ಳಿ

ಆರ್ಗಾನ್‌ಗೆ ಬಳಕೆಯಲ್ಲಿರುವ ಬೆಲೆಗಳು: ಎಪ್ಸಿಲಾನ್ (ಆಕರ್ಷಣೆಯ ಬಲ) 119.8 ಕೆಲ್ವಿನ್, ಸಿಗ್ಮಾ (ಕಣದ ಗಾತ್ರ) 3.405 ಆಂಗ್‌ಸ್ಟ್ರಾಮ್, ಪರಮಾಣು ತೂಕ 39.948. ಲೆಕ್ಕವನ್ನೆಲ್ಲ ಲೆನಾರ್ಡ್-ಜೋನ್ಸ್ ಏಕಮಾನದಲ್ಲೇ ಮಾಡಿ, ಕೊನೆಗೆ ಬೇಕಾದರೆ ಬದಲಿಸಿಕೊಳ್ಳಿ. ತಾಪಮಾನ 1 ಎಂದರೆ 119.8 ಕೆಲ್ವಿನ್, ಸಾಂದ್ರತೆ 1 ಎಂದರೆ ಘನಮೀಟರಿಗೆ 1680 ಕೆಜಿ, ಒತ್ತಡ 1 ಎಂದರೆ 41.9 ಮೆಗಾಪಾಸ್ಕಲ್, ಸಮಯ 1 ಎಂದರೆ 2.16 ಪಿಕೋಸೆಕೆಂಡ್.

ಕತ್ತರಿಸದ ಪೂರ್ಣ ಪೊಟೆನ್ಶಿಯಲ್‌ನ (ಕಣಗಳ ನಡುವಿನ ಶಕ್ತಿಯ ಸೂತ್ರ) ಕ್ರಿಟಿಕಲ್ ಬಿಂದು ಸುಮಾರು ತಾಪಮಾನ 1.31, ಸಾಂದ್ರತೆ 0.316, ಒತ್ತಡ 0.13ರ ಹತ್ತಿರ ಇದೆ. ಕೆಲ್ವಿನ್‌ಗೆ ತಿರುಗಿಸಿದರೆ 157 ಬರುತ್ತದೆ. ನಿಜವಾದ ಆರ್ಗಾನ್‌ನದು 150.69. ಮಾದರಿ ಕೆಟ್ಟಿದೆ ಎಂದಲ್ಲ. ಎರಡೆರಡು ಕಣಗಳ ನಡುವಿನ ಬಲವನ್ನಷ್ಟೇ ಲೆಕ್ಕಕ್ಕೆ ಹಿಡಿದು, ದ್ರವಸ್ಥಿತಿಗೆ ಹೊಂದಿಸಿದ ಬೆಲೆಗಳು ಕ್ರಿಟಿಕಲ್ ಬಿಂದುವಿನ ಹತ್ತಿರ ಇಷ್ಟು ತಪ್ಪುವುದು ಸಹಜ. ಆದ್ದರಿಂದ ಪ್ರಯೋಗದ ಅಂಕಿಗಳೊಡನೆ ಹೋಲಿಸುವಾಗ ಕೆಲ್ವಿನ್ ಹಿಡಿದು ಹೋಲಿಸಬೇಡಿ. ಮಾದರಿಯ ತಾಪಮಾನವನ್ನು ಮಾದರಿಯದೇ ಕ್ರಿಟಿಕಲ್ ತಾಪಮಾನದಿಂದ ಭಾಗಿಸಿ, ಆರ್ಗಾನ್‌ನದನ್ನು ಆರ್ಗಾನ್‌ನದರಿಂದ ಭಾಗಿಸಿ, ಆಮೇಲೆ ಅಕ್ಕಪಕ್ಕ ಇಡಿ.

ಕಟ್‌ಆಫ್, ಅಂದರೆ ಬಲದ ಲೆಕ್ಕ ನಿಲ್ಲಿಸುವ ದೂರದ ವಿಷಯಕ್ಕೆ ಬಂದಾಗ ನಿಧಾನಿಸಿ; ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. 2.5 ಸಿಗ್ಮಾಕ್ಕೆ ಕತ್ತರಿಸಿ, ಅಲ್ಲಿ ಬೆಲೆ ಸೊನ್ನೆಯಾಗುವಂತೆ ಪೊಟೆನ್ಶಿಯಲನ್ನು ಮೇಲೆತ್ತಿದರೆ ಕ್ರಿಟಿಕಲ್ ತಾಪಮಾನ 1.31ರಿಂದ ಸುಮಾರು 1.08ಕ್ಕೆ ಇಳಿಯುತ್ತದೆ. ಆ ಮಾದರಿಯನ್ನು 1.4ರಲ್ಲಿ ಓಡಿಸಿ, ಪುಸ್ತಕದ 1.31 ನೋಡಿ "ಕ್ರಿಟಿಕಲ್‌ಗಿಂತ 7 ಶೇಕಡಾ ಮೇಲಿದ್ದೇನೆ" ಎಂದುಕೊಂಡರೆ, ನಿಜದಲ್ಲಿ ನೀವು 30 ಶೇಕಡಾ ಮೇಲಿರುತ್ತೀರಿ. ಶಿಖರ ಚಪ್ಪಟೆಯಾಗಿ ಕಾಣುತ್ತದೆ, ಏಕೆಂದು ತಿಳಿಯುವುದಿಲ್ಲ.

ಒತ್ತಡದ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟ. ಕಟ್‌ಆಫ್‌ನಾಚೆ ಬಿಟ್ಟುಹೋದ ಆಕರ್ಷಣೆಗೆ ಸೇರಿಸುವ ತಿದ್ದುಪಡಿ ಹೀಗಿದೆ: 16.755 × ಸಾಂದ್ರತೆಯ ವರ್ಗ × (ಕಟ್‌ಆಫ್‌ನ 9ನೇ ಘಾತದ ವಿಲೋಮದ ಮೂರನೇ ಎರಡು ಭಾಗ − ಕಟ್‌ಆಫ್‌ನ ಘನದ ವಿಲೋಮ). ಸಾಂದ್ರತೆ 0.316, ಕಟ್‌ಆಫ್ 2.5 ಹಾಕಿದರೆ −0.107 ಬರುತ್ತದೆ. ಕ್ರಿಟಿಕಲ್ ಒತ್ತಡವೇ 0.13 ಇರುವಾಗ ತಿದ್ದುಪಡಿ ಅದರ ಹತ್ತಿರಕ್ಕೆ ಬಂದುಬಿಟ್ಟಿತು! ಕಟ್‌ಆಫ್ 4 ಮಾಡಿದರೆ ಅದು −0.026ಕ್ಕೆ ಇಳಿಯುತ್ತದೆ. ಜೊತೆಗೆ ಈ ಸೂತ್ರ, ಕಟ್‌ಆಫ್‌ನಾಚೆ ಕಣಗಳು ಸಮನಾಗಿ ಹರಡಿವೆ ಎಂದು ನಂಬಿಕೊಂಡಿದೆ. ಕ್ರಿಟಿಕಲ್ ಬಿಂದುವಿನ ಸುತ್ತ ಆ ನಂಬಿಕೆಯೇ ಸಡಿಲ. ಹಾಗಾಗಿ 4 ಸಿಗ್ಮಾಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ, ತಿದ್ದುಪಡಿಯನ್ನು ಆನ್ ಮಾಡಿ, ಎರಡನ್ನೂ ವರದಿಯಲ್ಲಿ ಬರೆಯಿರಿ.

ಪೆಟ್ಟಿಗೆ, ಹೆಜ್ಜೆ, ಓಟ

ಮುಖಕೇಂದ್ರಿತ ಘನ ಜಾಲಕವನ್ನು ಮೂರೂ ದಿಕ್ಕಿಗೆ 10 ಸಲ ಇಟ್ಟರೆ 4000 ಕಣ. ಸಾಂದ್ರತೆ 0.316 ಆದಾಗ ಪೆಟ್ಟಿಗೆಯ ಬದಿ 23.3 ಸಿಗ್ಮಾ, ಅಂದರೆ ಸುಮಾರು 7.9 ನ್ಯಾನೋಮೀಟರ್. 500 ಕಣದಲ್ಲಿ ಕೆಲಸ ಮುಗಿಸುವ ಆಸೆ ಬೇಡ. ಸಾಂದ್ರತೆಯ ಏರಿಳಿತಗಳ ವ್ಯಾಪ್ತಿ ಕ್ರಿಟಿಕಲ್ ಸಾಂದ್ರತೆಯಲ್ಲಿ ತಾಪಮಾನದ ಅಂತರದ −0.63ನೇ ಘಾತದಂತೆ ಬೆಳೆಯುತ್ತದೆ. 7 ಶೇಕಡಾ ಮೇಲಿದ್ದರೆ ಮೂಲ ಅಳತೆಯ 5.4 ಪಟ್ಟು, 1 ಶೇಕಡಾ ಮೇಲಿದ್ದರೆ 18 ಪಟ್ಟು. ಮೂಲ ಅಳತೆ ಸುಮಾರು ಅರ್ಧ ಸಿಗ್ಮಾ. ಅಂದರೆ 1.4 ತಾಪಮಾನದಲ್ಲಿ 4000 ಕಣದ ಪೆಟ್ಟಿಗೆ ಆ ವ್ಯಾಪ್ತಿಯ ಎಂಟರಷ್ಟಿರುತ್ತದೆ, ಸಾಕು. 1 ಶೇಕಡಾ ದೂರದಲ್ಲಿ ಎರಡೂವರೆಯಷ್ಟು ಮಾತ್ರ, ಅಲ್ಲಿ ಬಂದ ಅಂಕಿಗಳು ಪೆಟ್ಟಿಗೆಯ ಗಾತ್ರವನ್ನು ಹೇಳುತ್ತವೆಯೇ ಹೊರತು ಫ್ಲೂಯಿಡ್‌ನ ಗುಣವನ್ನಲ್ಲ. ಮೊದಲ ಸಲ ಮಾಡುವವರು 1.4, 1.6, 2.0, 3.0 ಈ ನಾಲ್ಕು ತಾಪಮಾನಗಳನ್ನು ಹಿಡಿಯಿರಿ.

ಕಾಲದ ಹೆಜ್ಜೆ 0.005, ಅಂದರೆ ಸುಮಾರು 11 ಫೆಮ್ಟೋಸೆಕೆಂಡ್. (1964ರಲ್ಲಿ ಅನೀಸುರ್ ರಹಮಾನ್ 864 ಆರ್ಗಾನ್ ಪರಮಾಣುಗಳ ಚಲನೆಯನ್ನು ಲೆಕ್ಕ ಹಾಕಿದಾಗ ಇಟ್ಟುಕೊಂಡದ್ದು 10 ಫೆಮ್ಟೋಸೆಕೆಂಡ್, ಅಂದಿನ ಆಯ್ಕೆ ಇಂದಿಗೂ ಗಟ್ಟಿ.) ತಾಪಮಾನ 3 ದಾಟಿದರೆ 0.003ಕ್ಕೆ ಇಳಿಸಿ, ಏಕೆಂದರೆ ಜೋರಾಗಿ ಬಂದ ಕಣಗಳು ಕಡಿದಾದ ವಿಕರ್ಷಣೆಯ ಗೋಡೆಯೊಳಗೆ ಆಳಕ್ಕೆ ನುಗ್ಗುತ್ತವೆ.

ಪ್ರತಿ ಸಾಂದ್ರತೆಗೂ ಓಟದ ಕ್ರಮ ಹೀಗಿರಲಿ:

1. ಜಾಲಕದಿಂದ ಶುರು ಮಾಡಿ, ತಾಪಮಾನ 3ರಲ್ಲಿ 20,000 ಹೆಜ್ಜೆ. ಜಾಲಕದ ಗುರುತು ಪೂರ್ತಿ ಅಳಿಯಬೇಕು.
2. ಬೇಕಾದ ತಾಪಮಾನಕ್ಕೆ 20,000 ಹೆಜ್ಜೆಗಳಲ್ಲಿ ಇಳಿಸಿ.
3. ಕಣ, ಗಾತ್ರ, ತಾಪಮಾನ ಸ್ಥಿರವಿಟ್ಟು 2,00,000 ಹೆಜ್ಜೆ ಸಮತೋಲನಕ್ಕೆ ಬಿಡಿ. ಸಾಂದ್ರತೆ 0.2ರಿಂದ 0.45ರ ನಡುವೆ, ತಾಪಮಾನ 1.4ರಲ್ಲಿ, ಇದರ ಮೂರರಷ್ಟು ಕೊಡಿ. ಅಲ್ಲಿ ದೊಡ್ಡ ಏರಿಳಿತಗಳು ಕರಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ.
4. ಅದೇ ಸ್ಥಿತಿಯಲ್ಲಿ 5,00,000 ಹೆಜ್ಜೆ ಓಡಿಸಿ ಶಕ್ತಿ, ಒತ್ತಡ ಬರೆದುಕೊಳ್ಳಿ.
5. ಥರ್ಮೊಸ್ಟಾಟ್ (ತಾಪಮಾನವನ್ನು ಹಿಡಿದಿಡುವ ಲೆಕ್ಕ) ತೆಗೆದುಹಾಕಿ, ಶಕ್ತಿ ಸ್ಥಿರವಿರುವ ಓಟ 2,00,000 ಹೆಜ್ಜೆ. ಚಲನೆಯ ಅಳತೆಗಳೆಲ್ಲ ಇದರಿಂದಲೇ.

ಸಾಂದ್ರತೆ 0.05ರಿಂದ 0.80ರವರೆಗೆ 0.05 ಅಂತರದಲ್ಲಿ, 0.2ರಿಂದ 0.45ರ ನಡುವೆ 0.02 ಅಂತರದಲ್ಲಿ ಹಾಕಿ.

ಒತ್ತಡವನ್ನು ಸ್ಥಿರವಿಟ್ಟು ಓಡಿಸಬಾರದೇ ಎಂದು ಕೇಳಬಹುದು. ಪ್ರಯೋಗಶಾಲೆಯಲ್ಲಿ ಹಿಡಿತಕ್ಕೆ ಸಿಗುವುದು ಒತ್ತಡವೇ ಆದ್ದರಿಂದ ಅದು ಸಹಜವಾಗಿ ತೋರುತ್ತದೆ. ಆದರೆ ಆರಂಭದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಮ್ಮೆ ನೋಡಿ: ಈ ಪ್ರದೇಶದಲ್ಲಿ ಒತ್ತಡದ ಒಂದಿಷ್ಟು ತಪ್ಪು ಸಾಂದ್ರತೆಯಲ್ಲಿ ಬಹಳ ದೊಡ್ಡ ತಪ್ಪಾಗುತ್ತದೆ. ಪೆಟ್ಟಿಗೆ ಹಿಗ್ಗಿ ಕುಗ್ಗುತ್ತಾ ಗಂಟೆಗಟ್ಟಲೆ ಅಲೆಯುತ್ತದೆ, ಸರಾಸರಿ ನೆಲೆ ನಿಲ್ಲುವುದಿಲ್ಲ. ಗಾತ್ರ ಸ್ಥಿರವಿಟ್ಟರೆ ಅದೇ ಗುಣ ನಮಗೆ ಅನುಕೂಲವಾಗಿ ತಿರುಗುತ್ತದೆ. ಸಾಂದ್ರತೆ ಖಚಿತ, ಒತ್ತಡದ ಗೆರೆ ಅಲ್ಲಿ ಹೆಚ್ಚುಕಡಿಮೆ ಮಟ್ಟಸ, ಅಳತೆಯ ತಪ್ಪು ಚಿಕ್ಕದು.

ಥರ್ಮೊಸ್ಟಾಟ್‌ಗೆ ನೋಸೆ-ಹೂವರ್ ಇರಲಿ, ಅದರ ಸಮಯ ಮಾನ 100 ಹೆಜ್ಜೆ. ಬೆರೆಂಡ್‌ಸನ್ ಬೇಡ, ಅದು ಸರಾಸರಿ ತಾಪಮಾನವನ್ನು ಸರಿಯಾಗಿ ಹಿಡಿದು, ಶಕ್ತಿಯ ಏರಿಳಿತವನ್ನು ಅದುಮಿಬಿಡುತ್ತದೆ. ಉಷ್ಣಧಾರಣೆ ಬರುವುದೇ ಆ ಏರಿಳಿತದಿಂದ. ಲಾಂಜೆವಿನ್ ಸಮತೋಲನಕ್ಕೆ ಒಳ್ಳೆಯದು, ಆದರೆ ಅದು ಕಣಗಳಿಗೆ ಹೊರಗಿನಿಂದ ಘರ್ಷಣೆ ಹಾಕುವುದರಿಂದ ಚಲನೆಯ ಅಳತೆಗೆ ಒಗ್ಗದು.

ಉಷ್ಣಗುಣಗಳನ್ನು ತೆಗೆಯುವುದು

ಸ್ಥಿರ ಗಾತ್ರದ ಉಷ್ಣಧಾರಣೆ ಎಂದರೆ ಒಟ್ಟು ಶಕ್ತಿಯ ವೇರಿಯನ್ಸ್ (ಸರಾಸರಿಯಿಂದ ಇರುವ ಅಂತರದ ವರ್ಗದ ಸರಾಸರಿ) ಭಾಗಿಸು ತಾಪಮಾನದ ವರ್ಗ. ಅದನ್ನು ಕಣಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕಣದ ಪಾಲು. ಇಲ್ಲೊಂದು ಗುಂಡಿ ಇದೆ. ಲ್ಯಾಂಪ್ಸ್ ಈ ಏಕಮಾನದಲ್ಲಿ ಶಕ್ತಿಯನ್ನು ತಾನಾಗಿಯೇ ಒಂದು ಕಣಕ್ಕೆ ಭಾಗಿಸಿ ಬರೆಯುತ್ತದೆ. ಆ ಅಂಕಿಗಳ ವೇರಿಯನ್ಸ್‌ಗೆ 4000ದಿಂದ ಗುಣಿಸಿದರೆ ಮಾತ್ರ ಒಂದು ಕಣದ ಉಷ್ಣಧಾರಣೆ ಸಿಗುತ್ತದೆ. ಉತ್ತರ 1.5ಕ್ಕಿಂತ ಕೆಳಗೆ ಬಂದರೆ ಇದನ್ನೇ ಮರೆತಿದ್ದೀರಿ, ಏಕೆಂದರೆ ಚಲನಶಕ್ತಿಯ ಪಾಲೇ 1.5 ಇದೆ.

ಒಂದೇ ದಾರಿಯನ್ನು ನೆಚ್ಚಿಕೊಳ್ಳಬೇಡಿ. ಅದೇ ಸಾಂದ್ರತೆಯಲ್ಲಿ ತಾಪಮಾನ 0.05 ಮೇಲೆ, 0.05 ಕೆಳಗೆ ಇನ್ನೆರಡು ಓಟ ಓಡಿಸಿ, ಶಕ್ತಿಯ ಇಳಿಜಾರಿನಿಂದಲೂ ಉಷ್ಣಧಾರಣೆ ತೆಗೆಯಿರಿ. ಎರಡೂ ಹೊಂದಲಿಲ್ಲವಾದರೆ ಓಟ ಚಿಕ್ಕದಾಗಿದೆ ಎಂದು ಅರ್ಥ. ಆ ಎರಡು ಓಟಗಳು ಹೇಗೂ ಬೇಕು: ತಾಪಮಾನದೊಡನೆ ಒತ್ತಡ ಏರುವ ದರವೂ ಅವುಗಳಿಂದಲೇ ಬರುತ್ತದೆ.

ಒತ್ತಡ-ಸಾಂದ್ರತೆಯ ಬಿಂದುಗಳ ಮೇಲೆ ನಯವಾದ ಗೆರೆ (ಐದಾರನೇ ಡಿಗ್ರಿಯ ಬಹುಪದಿ ಸಾಕು) ಹಾಯಿಸಿ, ಅದರ ಇಳಿಜಾರು ತೆಗೆಯಿರಿ. ಸ್ಥಿರ ಒತ್ತಡದ ಉಷ್ಣಧಾರಣೆಗೆ ಸೂತ್ರ: ಸ್ಥಿರ ಗಾತ್ರದ್ದು + ತಾಪಮಾನ × (ಒತ್ತಡ-ತಾಪಮಾನ ಇಳಿಜಾರಿನ ವರ್ಗ) ÷ (ಸಾಂದ್ರತೆಯ ವರ್ಗ × ಒತ್ತಡ-ಸಾಂದ್ರತೆ ಇಳಿಜಾರು). ಆದರ್ಶ ಅನಿಲಕ್ಕೆ ಎರಡನೆಯ ಪದ ಸರಿಯಾಗಿ 1 ಬರುತ್ತದೆ. ನಿಮ್ಮ ಕೋಡನ್ನು ಮೊದಲು ಇದರಲ್ಲಿ ಪರೀಕ್ಷಿಸಿ.

ಸಂಪೀಡ್ಯತೆಯ ಶಿಖರ ಹುಡುಕುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಸ್ಥಿರ ತಾಪಮಾನದ ಗೆರೆಯ ಮೇಲೆ ಸಂಪೀಡ್ಯತೆಯನ್ನು ಹಾಗೆಯೇ ಬಿಡಿಸಿದರೆ, ಸಾಂದ್ರತೆ ಸೊನ್ನೆಯತ್ತ ಹೋದಂತೆ ಅದು ಮುಗಿಲಿಗೇರುತ್ತದೆ, ಏಕೆಂದರೆ ಆದರ್ಶ ಅನಿಲದ ಸಂಪೀಡ್ಯತೆ ಒತ್ತಡದ ವಿಲೋಮ. ನಿಮಗೆ ಬೇಕಾದ ಉಬ್ಬು ಆ ಏರಿನಲ್ಲಿ ಮುಚ್ಚಿಹೋಗುತ್ತದೆ. ಅದರ ಬದಲು ತಾಪಮಾನವನ್ನು ಒತ್ತಡ-ಸಾಂದ್ರತೆ ಇಳಿಜಾರಿನಿಂದ ಭಾಗಿಸಿದ ಬೆಲೆಯನ್ನು ಬಿಡಿಸಿ. ಇದು ಆದರ್ಶ ಅನಿಲದಲ್ಲಿ 1, ದಟ್ಟ ಸ್ಥಿತಿಯಲ್ಲಿ 1ಕ್ಕಿಂತ ಬಹಳ ಕಡಿಮೆ, ವಿಡಮ್ ರೇಖೆಯ ಸುತ್ತ 1ಕ್ಕಿಂತ ಬಹಳ ಹೆಚ್ಚು. ಸ್ಥಿರ ಒತ್ತಡದ ಗೆರೆಯ ಮೇಲೆ ಹುಡುಕಿದ ಶಿಖರ ಸ್ವಲ್ಪ ಬೇರೆ ಜಾಗದಲ್ಲಿ ಬೀಳುತ್ತದೆ. ಕ್ರಿಟಿಕಲ್ ಬಿಂದುವಿನ ಹತ್ತಿರ ಉಷ್ಣಧಾರಣೆ, ಸಂಪೀಡ್ಯತೆ, ಉಷ್ಣವಿಕಾಸ ಮೂರರ ಶಿಖರಗಳೂ ಒಂದೇ ಗೆರೆಯಲ್ಲಿ ಕೂಡುತ್ತವೆ, ದೂರ ಹೋದಂತೆ ಬೀಸಣಿಗೆಯ ಕಡ್ಡಿಗಳಂತೆ ಚದುರುತ್ತವೆ. ಆದ್ದರಿಂದ "ವಿಡಮ್ ರೇಖೆ ಇಲ್ಲಿದೆ" ಎಂದಷ್ಟೇ ಬರೆದರೆ ಸಾಲದು. ಯಾವ ಗುಣದ ಶಿಖರ, ಯಾವುದನ್ನು ಸ್ಥಿರವಿಟ್ಟು ಕಂಡದ್ದು ಎಂದೂ ಬರೆಯಿರಿ.

ಆ ಬೆಲೆ 1ನ್ನು ಮೀರುವುದು ಎಂದರೇನು ಎಂದು ಕಣ್ಣಾರೆ ಕಾಣಬಹುದು. 23.3 ಸಿಗ್ಮಾ ಪೆಟ್ಟಿಗೆಯನ್ನು ಬದಿಗೆ 5ರಂತೆ 125 ಕೋಣೆಗಳಾಗಿ ಒಡೆಯಿರಿ. ಕೋಣೆಗೆ ಸರಾಸರಿ 32 ಕಣ. ಆದರ್ಶ ಅನಿಲವಾಗಿದ್ದರೆ ಎಣಿಕೆಯ ವೇರಿಯನ್ಸ್ ಸಹ ಸುಮಾರು 32, ಹಾಗಾಗಿ ಹೆಚ್ಚಿನ ಕೋಣೆಗಳಲ್ಲಿ 26ರಿಂದ 38 ಕಣ ಇರಬೇಕು. ತಾಪಮಾನ 1.4ರ ಒಂದು ಚಿತ್ರವನ್ನು ತೆಗೆದು ಎಣಿಸಿ ನೋಡಿ. ಒಂದು ಕೋಣೆ ಅರೆಖಾಲಿ, ಪಕ್ಕದ್ದು ಕಿಕ್ಕಿರಿದಿರುತ್ತದೆ. ನಾಲ್ಕಾರು ಸಾವಿರ ಹೆಜ್ಜೆ ಬಿಟ್ಟು ನೋಡಿದರೆ ದಟ್ಟಣೆ ಬೇರೆಡೆಗೆ ಸರಿದಿರುತ್ತದೆ. ಹನಿಯೂ ಅಲ್ಲ, ಗುಳ್ಳೆಯೂ ಅಲ್ಲ, ನೆಲೆ ನಿಲ್ಲದ ದಟ್ಟಣೆ. ಅದೇ ತಾಪಮಾನದಲ್ಲಿ ಸಾಂದ್ರತೆ 0.8ಕ್ಕೆ ಏರಿಸಿ ಎಣಿಸಿದರೆ ಕೋಣೆಗಳೆಲ್ಲ ಹೆಚ್ಚುಕಡಿಮೆ ಸಮ. ಹೀಗೆ ಬಂದ ವೇರಿಯನ್ಸ್ ÷ ಸರಾಸರಿ, ಇಳಿಜಾರಿನಿಂದ ಬಂದ ಬೆಲೆಗಿಂತ ಕಡಿಮೆಯೇ ಇರುತ್ತದೆ. ಚಿಕ್ಕ ಕೋಣೆ ದೊಡ್ಡ ಅಲೆಯನ್ನು ಪೂರ್ತಿ ಹಿಡಿಯಲಾರದು, ಗಾಬರಿ ಬೇಡ.

ಕಣಗಳ ಚಲನೆ

ಮೊದಲು ಸರಾಸರಿ ವರ್ಗ ಸ್ಥಾನಪಲ್ಲಟ, ಅಂದರೆ ಕಣ ಸರಿದ ದೂರದ ವರ್ಗದ ಸರಾಸರಿ. ಪೆಟ್ಟಿಗೆಯ ಸುತ್ತಲೂ ಅದರದೇ ಪ್ರತಿಬಿಂಬಗಳಿವೆ ಎಂದು ಸಿಮ್ಯುಲೇಶನ್ ಹಿಡಿಯುತ್ತದೆ, ಒಂದು ಬದಿ ದಾಟಿದ ಕಣ ಎದುರು ಬದಿಯಿಂದ ಒಳಬರುತ್ತದೆ. ಪೆಟ್ಟಿಗೆಯ ಅಂಚು ದಾಟಿದಾಗ ಮತ್ತೆ ಒಳಗೆ ಮಡಚಿದ ಸ್ಥಾನಗಳನ್ನು ಬಳಸಬೇಡಿ, ಬಿಡಿಸಿದ ಸ್ಥಾನಗಳೇ ಬೇಕು. ಗ್ರಾಫ್ ಏರುತ್ತಾ ಹೋಗಿ ಥಟ್ಟನೆ ಮಟ್ಟಸವಾದರೆ ಈ ತಪ್ಪೇ ಆಗಿದೆ. ಕೊನೆಕೊನೆಗೆ ಮೇಲಕ್ಕೆ ಬಾಗಿದರೆ ಇಡೀ ಪೆಟ್ಟಿಗೆ ಒಂದು ದಿಕ್ಕಿಗೆ ತೇಲುತ್ತಿದೆ. ಓಟದ ಮೊದಲು ಒಟ್ಟು ಸಂವೇಗವನ್ನು ಸೊನ್ನೆ ಮಾಡಿ. ಆರಂಭದ ಕೆಲವು ಹೆಜ್ಜೆಗಳಲ್ಲಿ ಈ ಸರಾಸರಿ ವರ್ಗ ಸ್ಥಾನಪಲ್ಲಟವನ್ನು ಸಮಯದ ವರ್ಗದಿಂದ ಭಾಗಿಸಿದರೆ ತಾಪಮಾನದ ಮೂರರಷ್ಟು ಬರಲೇಬೇಕು. 1.4ಕ್ಕೆ 4.2. ಬರದಿದ್ದರೆ ಏಕಮಾನದಲ್ಲಿ ಎಲ್ಲೋ ಎಡವಟ್ಟಾಗಿದೆ.

ನೇರ ಗೆರೆಯ ಇಳಿಜಾರನ್ನು 6ರಿಂದ ಭಾಗಿಸಿದರೆ ವಿಸರಣ ಗುಣಾಂಕ. ಆದರೆ ನೇರ ಗೆರೆ ಎಲ್ಲಿಂದ ಶುರು? ಸಾಂದ್ರತೆ 0.05ರಲ್ಲಿ ಕಣ ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಸುಮಾರು 4.5 ಸಿಗ್ಮಾ ಓಡುತ್ತದೆ, ತಾಪಮಾನ 1.4ರಲ್ಲಿ ಅದಕ್ಕೆ 2.4 ಸಮಯ, ಅಂದರೆ 480 ಹೆಜ್ಜೆ ಬೇಕು. ಹತ್ತು ಡಿಕ್ಕಿಯಾದರೂ ಕಳೆಯದೆ ಗೆರೆ ಹಾಯಿಸಬಾರದು. ದಟ್ಟ ಸ್ಥಿತಿಯಲ್ಲಿ ಸರಿಹೋಗುವ ಸಮಯದ ಕಿಟಕಿಯನ್ನೇ ಇಲ್ಲಿಗೂ ಬಳಸಿದರೆ ಉತ್ತರ ತಪ್ಪುತ್ತದೆ. ಪೆಟ್ಟಿಗೆಯ ಗಾತ್ರಕ್ಕೂ ತಿದ್ದುಪಡಿ ಉಂಟು: 2.837 × ತಾಪಮಾನ ÷ (6 × ಪೈ × ಸ್ನಿಗ್ಧತೆ × ಬದಿ) ಇಷ್ಟನ್ನು ಕೂಡಿಸಬೇಕು. ಕಣ ತನ್ನದೇ ಪ್ರತಿಬಿಂಬಗಳು ಎಬ್ಬಿಸಿದ ಹರಿವಿನಲ್ಲಿ ಎಳೆತಕ್ಕೆ ಸಿಗುವುದರಿಂದ ಚಿಕ್ಕ ಪೆಟ್ಟಿಗೆಯಲ್ಲಿ ಅದು ನಿಧಾನಕ್ಕೆ ಚಲಿಸುತ್ತದೆ.

ಚಲನೆಯ ತಿರುವನ್ನು ಹಿಡಿಯುವ ಸಾಧನ ವೇಗದ ಸ್ವಸಹಸಂಬಂಧ: ಈಗಿನ ವೇಗಕ್ಕೂ ಸ್ವಲ್ಪ ಹೊತ್ತಿನ ನಂತರದ ವೇಗಕ್ಕೂ ಇರುವ ನಂಟು. ವೇಗಗಳನ್ನು 5 ಹೆಜ್ಜೆಗೊಮ್ಮೆ ಉಳಿಸಿಕೊಳ್ಳಿ. ದಟ್ಟ ಸ್ಥಿತಿಯಲ್ಲಿ ಕಣದ ಸುತ್ತ ನೆರೆಯ ಕಣಗಳ ಪಂಜರ ಇರುತ್ತದೆ. ಅದು ಮುಂದೆ ಹೋಗಿ, ತಾಗಿ, ಹಿಂದಕ್ಕೆ ಬರುತ್ತದೆ. ಗ್ರಾಫ್ ಸೊನ್ನೆಗಿಂತ ಕೆಳಗಿಳಿದು ಮೇಲೇಳುತ್ತದೆ. ಆ ಕುಳಿ ಸುಮಾರು 0.2ರಿಂದ 0.4 ಸಮಯದ ಆಸುಪಾಸು ಬೀಳುತ್ತದೆ. ಸಾಂದ್ರತೆ ಇಳಿಸಿದರೆ ಅಥವಾ ತಾಪಮಾನ ಏರಿಸಿದರೆ ಕುಳಿ ಆಳ ಕಳೆದುಕೊಂಡು, ಒಂದು ಹಂತದಲ್ಲಿ ಅಳಿಸಿಹೋಗಿ, ಗೆರೆ ಒಂದೇ ಸಮನೆ ಇಳಿಯುತ್ತದೆ. ಕಣ ಕಂಪಿಸುವುದನ್ನು ಬಿಟ್ಟಿತು, ಡಿಕ್ಕಿ ಹೊಡೆಯುತ್ತಾ ಓಡುವುದಷ್ಟೇ ಉಳಿಯಿತು. ವದೀಮ್ ಬ್ರಾಝ್ಕಿನ್, ಕೊಸ್ತ್ಯ ಟ್ರಾಚೆಂಕೊ ಮತ್ತು ಜೊತೆಗಾರರು 2012ರ ಸುಮಾರಿಗೆ ಫ್ರೆಂಕೆಲ್ ರೇಖೆ ಎಂದು ಹೆಸರಿಟ್ಟದ್ದು ಈ ತಿರುವಿಗೆ. ಗಮನಿಸಿ, ನೋಡಬೇಕಾದ್ದು ಗೆರೆ ಋಣವಾಗುವುದನ್ನಲ್ಲ, ಕುಳಿ ಇದೆಯೋ ಇಲ್ಲವೋ ಎಂಬುದನ್ನು. ಸೊನ್ನೆಗಿಂತ ಮೇಲೆಯೇ ಇರುವ ಕುಳಿಯೂ ಕುಳಿಯೇ.

ಕುಳಿ ಮಾಯವಾಗುವ ಜಾಗದಲ್ಲಿ ಅದು ಗ್ರಾಫ್‌ನ ಒರಟುತನದಷ್ಟೇ ಚಿಕ್ಕದಾಗಿರುತ್ತದೆ. ಓಟವನ್ನು 10 ತುಂಡು ಮಾಡಿ, ಪ್ರತಿ ತುಂಡಿನಿಂದ ಬೇರೆ ಗೆರೆ ಎಳೆದು, ಕುಳಿಯ ಆಳ ಆ ಗೆರೆಗಳ ಚದುರುವಿಕೆಗಿಂತ ದೊಡ್ಡದಿದ್ದರೆ ಮಾತ್ರ ಎಣಿಕೆಗೆ ತೆಗೆದುಕೊಳ್ಳಿ. ಉತ್ತರವನ್ನು ಒಂದು ಸಾಂದ್ರತೆಯಾಗಿ ಬರೆಯದೆ, ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿಯಾಗಿ ಬರೆಯಿರಿ. ಈ ರೇಖೆ ಚೂಪಾದ ಗಡಿಯೋ ಅಲ್ಲವೋ ಎಂದು ಸಂಶೋಧಕರಲ್ಲಿ ವಾದವಿದೆ. ಸಿಮ್ಯುಲೇಶನ್‌ನಲ್ಲಿ ಕಾಣುವುದು ನಿಧಾನದ ಬದಲಾವಣೆ ಎಂದೇ ನಮ್ಮ ಅಭಿಪ್ರಾಯ.

ಇದಕ್ಕೆ ಉಷ್ಣಧಾರಣೆಯಿಂದಲೂ ಒಂದು ಗುರುತು ಕೊಡುತ್ತಾರೆ: ಸ್ಥಿರ ಗಾತ್ರದ ಬೆಲೆ ಒಂದು ಕಣಕ್ಕೆ 2 ಆಗುವ ಜಾಗ. ಘನವಸ್ತುವಿನ 3ರಿಂದ ಶುರುವಾಗಿ, ಅಡ್ಡ ಅಲೆಗಳ ಪಾಲು ಕಳಚಿದ ಮೇಲೆ ಉಳಿಯುವುದು 2, ಆದರ್ಶ ಅನಿಲದಲ್ಲಿ 1.5. ತಾಪಮಾನ 3ರಂಥ ಕಡೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 1.4ರಲ್ಲಿ ಮಾತ್ರ ನಂಬಬೇಡಿ. ಅಲ್ಲಿ ಸಾಂದ್ರತೆಯ ಏರಿಳಿತವೇ ಉಷ್ಣಧಾರಣೆಯನ್ನು ಮೇಲೆತ್ತುತ್ತದೆ. ಒಂದೇ ಒಂದು ಕಣವೂ ಪಂಜರದಲ್ಲಿ ಕಂಪಿಸದ ಸ್ಥಿತಿಯಲ್ಲೂ ಬೆಲೆ 2 ದಾಟಬಹುದು. ವಿಡಮ್ ಶಿಖರವನ್ನು ಫ್ರೆಂಕೆಲ್ ತಿರುವು ಎಂದು ತಪ್ಪಾಗಿ ಓದುವುದು ಹೀಗೆಯೇ.

ಫಲಿತಾಂಶ ನಂಬುವ ಮುನ್ನ

ತಾಪಮಾನ 3.418, ಸಾಂದ್ರತೆ 0.05ರಲ್ಲಿ ಒಂದು ಓಟ ಹಾಕಿ. ಇದು ಈ ಮಾದರಿಯ ಬಾಯ್ಲ್ ತಾಪಮಾನ. ಆಕರ್ಷಣೆ, ವಿಕರ್ಷಣೆಗಳು ಇಲ್ಲಿ ಒಂದನ್ನೊಂದು ತೊಡೆಯುತ್ತವೆ. ಒತ್ತಡವನ್ನು ಸಾಂದ್ರತೆ × ತಾಪಮಾನದಿಂದ ಭಾಗಿಸಿದರೆ 1ರ ಸುತ್ತ 1 ಶೇಕಡಾ ಒಳಗೆ ಬರಬೇಕು. ಸ್ಥಿರ ತಾಪಮಾನದ ಗೆರೆಯಲ್ಲಿ ಎಲ್ಲಾದರೂ ಸಾಂದ್ರತೆ ಏರಿದಾಗ ಒತ್ತಡ ಇಳಿದಿದ್ದರೆ ನೀವು ಕ್ರಿಟಿಕಲ್‌ಗಿಂತ ಕೆಳಗಿದ್ದೀರಿ ಅಥವಾ ಸಮತೋಲನ ಆಗಿಲ್ಲ. ಪೆಟ್ಟಿಗೆಯನ್ನು ಹೋಳು ಮಾಡಿ ಸಾಂದ್ರತೆ ನೋಡಿ. ದಟ್ಟ ಪದರವೊಂದು ಅಲುಗದೆ ನಿಂತಿದ್ದರೆ ಬೇರ್ಪಡೆ ಆಗಿದೆ. ಶಿಖರದ ಹತ್ತಿರದ ಎರಡು ಮೂರು ಬಿಂದುಗಳನ್ನು 32,000 ಕಣದಲ್ಲಿ (ಬದಿಗೆ 20 ಘಟಕ) ಮತ್ತೆ ಓಡಿಸಿ, ಎತ್ತರ ಬದಲಾಗುತ್ತದೆಯೇ ನೋಡಿ.

ಆರ್ಗಾನ್‌ನಿಂದ ಇಂಗಾಲದ ಡೈಆಕ್ಸೈಡಿಗೆ ಹೋಗುವಾಗ ಕ್ರಮ ಇದೇ, ಆದರೆ ವಿದ್ಯುದಾವೇಶಗಳಿಗೆ ಎವಾಲ್ಡ್ ಬಗೆಯ ಲೆಕ್ಕ (ದೂರಕ್ಕೂ ಚಾಚುವ ವಿದ್ಯುತ್ ಬಲಗಳನ್ನು ಕೂಡುವ ವಿಧಾನ) ಸೇರುತ್ತದೆ, ಹೆಜ್ಜೆ 1ರಿಂದ 2 ಫೆಮ್ಟೋಸೆಕೆಂಡಿಗೆ ಇಳಿಯುತ್ತದೆ. ಅಣುವನ್ನು ಗಟ್ಟಿ ಸರಳರೇಖೆಯಾಗಿ ಹಿಡಿಯುವಾಗ, ಬಂಧಗಳ ಉದ್ದವನ್ನು ಸ್ಥಿರವಿಡುವ ಶೇಕ್ ವಿಧಾನ 180 ಡಿಗ್ರಿ ಕೋನದಲ್ಲಿ ಕೈಕೊಡುತ್ತದೆ, ಗಟ್ಟಿ ಕಾಯದ ವಿಧಾನ ಬಳಸಿ. ಸರಳರೇಖೆಯ ಅಣುವಿಗೆ ಚಲಿಸುವ ದಾರಿಗಳು 5, 6 ಅಲ್ಲ. ಪ್ಯಾಕೇಜ್ 6 ಎಂದು ಎಣಿಸಿದರೆ ಅದು ತೋರಿಸುವ ತಾಪಮಾನ ನಿಜಕ್ಕಿಂತ ಆರನೇ ಒಂದು ಭಾಗ ಕಡಿಮೆ ಇರುತ್ತದೆ, ಥರ್ಮೊಸ್ಟಾಟ್ ಅದನ್ನು ನಂಬಿ ಅಣುಗಳನ್ನು ಕಾಯಿಸುತ್ತದೆ. 313 ಕೆಲ್ವಿನ್ ಎಂದು ಬರೆದ ಓಟ ನಿಜದಲ್ಲಿ 376ರಲ್ಲಿ ನಡೆದಿರುತ್ತದೆ. ಮೊದಲ ಓಟದಲ್ಲೇ ಒಟ್ಟು ಚಲನಶಕ್ತಿಯನ್ನು ಅಣುಗಳ ಸಂಖ್ಯೆಯಿಂದ ಭಾಗಿಸಿ, ಅದು ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪಮಾನದ ಎರಡೂವರೆಯಷ್ಟಿದೆಯೇ ಎಂದು ಕೈಯಾರೆ ಲೆಕ್ಕ ಹಾಕಿ ನೋಡಿ.